ಎಷ್ಟು ದೊಡ್ಡ ಪೆಂಡಾಲ್ ಹಾಕೂನ್ರಿ?

ಪೆಂಡಾಲ್ ಹಾಕೋರಿಗೆ ನಗು ಬರೂವಂಥ ಸಂಗತಿ ಹುಡುಕ್ಕೊಂಡು ಹೋಗೂ ಕೆಲಸ ಇಲ್ಲ. ನಾವು ಗೂಟ ಹೊಡದು ಹಗ್ಗ ಬಿಗಿಯೂದ ತಡ, ಅವು ತಾವ ಬಂದು ನೆಳ್ಳಿಗೆ ಕುಂತಬಿಡ್ತಾವ.

ನಮ್ಮದು ಕುಷ್ಟಗ್ಯಾಗ ಟೆಂಟ್ ಹೌಸು. ಅಂಗಡಿ ನಮ್ಮ ಮಾವನ ಕಾಲದ್ದು. ಕೊಪ್ಪಳ, ಗಂಗಾವತಿ, ಯಲಬುರ್ಗಾ, ಯಾವ ಕಡೆ ಕಾರ್ಯ ಇದ್ರೂ ನಮ್ಮ ಟೆಂಪೋ ಹೋಗ್ತೈತಿ. ಮೊದಲ ನಮ್ಮನಿಯವರು ನಡಸ್ತಿದ್ರು. ಹೋದ ವರ್ಷ ನಿಚ್ಚಣಿಕಿ ಮ್ಯಾಲಿಂದ ಬಿದ್ದು ಸೊಂಟ ಹಿಡಕೊಂಡು ಕುಂತ್ರು. "ಭಾರ ಎತ್ತಬ್ಯಾಡ್ರಿ" ಅಂದ್ರು ಡಾಕ್ಟರು. ಅವತ್ತಿಂದ ಇವರು ಚಾದ ಕಪ್ಪು ಸುದ್ದಾ ಎತ್ತೂದಿಲ್ಲ, ಬಾಯಿಗೆ ಹಿಡೀಬೇಕು.

ಅಂಗಡಿ ನಾನು ನಡಸ್ತೀನಿ ಅಂದೆ. ಸುದ್ದಿ ಕೇಳಿ ನನ್ನ ಮೈದುನ ಯಲಬುರ್ಗಾದಿಂದ ಓಡಿ ಬಂದ. "ವೈನಿ, ಪೆಂಡಾಲ್ ಹಾಕೂದಂದ್ರ ಸೀರಿ ಒಣ ಹಾಕಿದಂಗಲ್ಲ. ಎಷ್ಟು ಮಂದಿಗೆ ಎಷ್ಟು ದೊಡ್ಡದು ಅಂತ ಗಂಡಸರ ಕಣ್ಣಿಗೆ ಅಷ್ಟ ತಿಳೀತೈತಿ. ಅಂಗಡಿ ನನಗ ಕೊಡ್ರಿ" ಅಂದ.

"ನನಗ ಸೀರಿ ಒಣ ಹಾಕಾಕರ ಬರ್ತೈತಿ, ನಿನಗ ಅದೂ ಬರೂದಿಲ್ಲಲ್ಲೋ" ಅಂದೆ.

ಜಗಳ ನಮ್ಮ ಅತ್ತಿ ಮುಂದ ಹೋತು. ಅಂಗಡಿ ಇರೂದು ಅತ್ತಿ ಹೆಸರಿಲೆ. ಅತ್ತಿ ಅಡಕಿ ಕತ್ತರಿಸಿ ಬಾಯಿಗೆ ಹಾಕ್ಕೊಂಡು, ನಿಧಾನ ಅಗದು, ತೀರ್ಪು ಕೊಟ್ರು: "ಬರೋ ಯುಗಾದಿ ತನಕ ಸೊಸಿ ನಡಸ್ಲಿ. ಪೆಂಡಾಲ್ ಸಾಲಲಿಲ್ಲ, ನಾ ಬಿಸಲಾಗ ಕುಂತೆ ಅಂತ ಒಬ್ಬರ ತಕರಾರು ಬಂದ್ರೂ ಅಂಗಡಿ ಸಣ್ಣವಂದು."

ನಾನೂ ಹಟದಾಕಿ. ಆತು ಅಂದೆ. ಮರುದಿನಾನ ಉದ್ದನ್ನ ಟೇಪು ತಂದು ಸೊಂಟಕ್ಕ ಸಿಗಿಸಿಕೊಂಡೆ. ಜಾಗಾ ಅಳೀದ ಒಂದು ಗೂಟಾನೂ ಹೊಡ್ಯೂದಿಲ್ಲ, ಒಬ್ಬರನ್ನೂ ಬಿಸಲಾಗ ಕುಂದ್ರಸೂದಿಲ್ಲ, ಅಂಗಡಿ ಅಂತೂ ಬಿಡೂದೇ ಇಲ್ಲ ಅಂತ ಗಟ್ಟಿ ಮಾಡಿಕೊಂಡೆ.

ಆದ್ರ ಟೇಪಿಲೆ ಜಾಗಾ ಅಳೀಬಹುದು, ಮಂದೀನ ಹೆಂಗ ಅಳೀತೀರಿ? ಫೋನ್ ಮಾಡಿದವರಿಗೆ "ಎಷ್ಟು ಮಂದಿ ಬರ್ತಾರ್ರಿ?" ಅಂತ ಕೇಳಿದ್ರ, "ಎಲ್ಲಾ ನಮ್ಮ ಮಂದೀನ್ರಿ" ಅಂತಾರ. "ಅಂದ್ರ ಎಷ್ಟ್ರಿ?" ಅಂದ್ರ, "ಬರಬೇಕಾದವರು ಬರ್ತಾರ್ರಿ ಅಕ್ಕಾರ, ನೀವು ಛಲೋದೊಂದು ಹಾಕ್ರಿ" ಅಂತ ಫೋನ್ ಇಟ್ಟಬಿಡ್ತಾರ.

ಎದರಮನಿ ಕಟ್ಟಿ

ಮೊದಲನೇ ಕೆಲಸ ನಮ್ಮ ಕುಷ್ಟಗ್ಯಾಗ, ಒಂದು ಓಣ್ಯಾಗ ಕುಬಸದ ಕಾರ್ಯ. ಮಗಳು ಬಸರಿ, ಅಪ್ಪಗ ಭಾರಿ ಖುಷಿ. "ಹದಿನೆಂಟರ ಟೆಂಟು ಸರಾಗ ಕುಂದರ್ತೈತ್ರಿ, ನಾನ ಅಳದೀನಿ" ಅಂದ. ನಾನು ಹೋಗಿ ಟೇಪು ಹಿಡದೆ. ಓಣಿ ಹದಿನೆಂಟು ಫೂಟು ಇರಲೇ ಇಲ್ಲ. ಇಂವ ತನ್ನ ಬಾಗಲದಿಂದ ಎದರಮನಿ ಬಾಗಲದ ತನಕ ಅಳದಿದ್ದ. ನಡುವ ಎದರಮನಿಯವರ ಕಟ್ಟಿ ಬರ್ತಿತ್ತು.

"ಅವರ ಕಟ್ಟೀನೂ ಸೇರಿಸಿ ಅಳದೀರೆಲ್ರೀ, ಅವರನ್ನ ಕೇಳೀರೇನು?" ಅಂದೆ.

ಅವನ ಮುಖ ಬಿಗದ್ಹೋತು. "ಆ ಮನಶಾನ ಜೋಡಿ ನಾವು ಮಾತು ಬಿಟ್ಟು ಭಾಳ ವರ್ಷ ಆತು. ಮಳಿ ನೀರು ನಮ್ಮ ಕಡೆ ಹರಸ್ಯಾನ. ಪ್ರಾಣ ಹೋದ್ರೂ ಕೇಳೂದಿಲ್ಲ."

ಸಣ್ಣ ಟೆಂಟು ಹಾಕಿದ್ರ ಅರ್ಧ ಪಂಗ್ತಿ ಬಿಸಲಿಗೆ ಬೀಳ್ತೈತಿ. ಮೊದಲನೇ ಕೆಲಸದಾಗ ಅಂಗಡಿ ಕಳಕೊಳ್ಳಾಕ ನಾ ತಯಾರಿರಲಿಲ್ಲ. ಸೀದಾ ಎದರಮನಿ ಬಾಗಲ ಬಡದೆ. ಆ ಯಜಮಾನಪ್ಪ ಕನ್ನಡಕ ಏರಿಸಿ ನನ್ನ ಮಾತೆಲ್ಲಾ ಕೇಳಿದ. "ಅವರ ಪೆಂಡಾಲಿನ ನೆಳ್ಳು ನನ್ನ ಕಟ್ಟಿ ಮ್ಯಾಲ ಬೀಳಕೂಡದು" ಅಂದ.

"ಪೆಂಡಾಲ್ ಅವರದಲ್ರೀ ಯಪ್ಪಾ, ನಂದು. ನೆಳ್ಳೂ ನಂದ. ನನ್ನ ಜೋಡಿ ನಿಮ್ಮದೇನೂ ಜಗಳಿಲ್ಲಲ್ಲ?" ಅಂದೆ.

ಕನ್ನಡಕ ಇಳಿಸಿ, "ನಿನ್ನ ನೆಳ್ಳಾದ್ರ ಬೀಳಲಿ" ಅಂದ.

ಕಾರ್ಯದ ದಿನ ಆ ಯಜಮಾನಪ್ಪ ಬೆಳಗ್ಗೆನ ಒಗದ ಧೋತರ ಉಟಗೊಂಡು, ತನ್ನ ಕಟ್ಟಿ ಮ್ಯಾಲ, ನನ್ನ ನೆಳ್ಳಾಗ, ಗ್ವಾಡಿಗೆ ಆನಿಸಿಕೊಂಡು ಕುಂತ. ಮಂದಿ ಹೆಚ್ಚಾಗಿ ಊಟದ ಪಂಗ್ತಿ ಉದ್ದಾಗಿ ಕಟ್ಟಿ ಮ್ಯಾಲ ಹತ್ತಿ ಹೋತು. ಬಡಸೋರಿಗೆ ಜಗಳ ಏನ್ ಗೊತ್ತು? ಎಲಿ ಹಾಕಿದ್ರು, ಹುಗ್ಗಿ ಹಾಕಿದ್ರು. ಯಜಮಾನಪ್ಪ ಆ ಕಡೆ ಈ ಕಡೆ ನೋಡಿ, ಶಾಂತ ಊಟ ಮಾಡಿ, ಎರಡನೇ ಸಲ ಹುಗ್ಗೀನೂ ಹಾಕಿಸಿಕೊಂಡ.

ಮರುದಿನ ಟೆಂಟು ಬಿಚ್ಚಾಕ ಹೋದಾಗ ಕೇಳಿದೆ: "ಹಂಗಾರ ರಾಜಿ ಆತೇನ್ರಿ ಯಪ್ಪಾ? ಅವರ ಮನಿ ಕಾರ್ಯಕ್ಕ ಹೋಗಿ ಉಂಡ್ರೆಲ್ಲ?"

"ಯಾರ್ ಹೋಗ್ಯಾರ? ನಾ ನನ್ನ ಕಟ್ಟಿ ಬಿಟ್ಟು ಎದ್ದೇ ಇಲ್ಲ. ಅವರ ಕಾರ್ಯಾನ ನನ್ನ ಮನಿಗೆ ಬಂದಿತ್ತು" ಅಂದ. ಆಮ್ಯಾಲ ದನಿ ತಗ್ಗಿಸಿ, "ಹುಗ್ಗಿಗೆ ತುಪ್ಪ ಕಡಿಮಿ ಆಗಿತ್ತು. ನಾ ಅಂದೆ ಅಂತ ಹೇಳಬ್ಯಾಡ, ಆದ್ರ ಹೇಳು."

ಭತ್ತದ ಸಭಾ

ಗಂಗಾವತಿ ಕಡೆ ಶ್ರೀರಾಮನಗರದಾಗ ಒಬ್ಬ ರೈತರದು ಹೊಸ ಮನಿ ಪ್ರವೇಶ. ಮನ್ಯಾಗ ತೆಲುಗು, ನನ್ನ ಜೋಡಿ ಕನ್ನಡ. ನಾ ಮಂದಿ ಲೆಕ್ಕ ಕೇಳಿ, ಅಂಗಳ ಅಳದು, "ನಿಮಗ ಸಣ್ಣದ ಸಾಕ್ರಿ, ಈಗ ಭತ್ತದ ಕೊಯ್ಲು ನಡದೈತಿ, ಮಂದಿ ಕಡಿಮಿ ಬರ್ತಾರ" ಅಂದೆ.

ಅವರು ಒಪ್ಪಲಿಲ್ಲ. "ನಮ್ಮ ಷಡ್ಡಕ ದೊಡ್ಡದು ಹಾಕಿಸಿದ್ದ. ನಂದು ಅದಕ್ಕಿಂತ ದೊಡ್ಡದಿರಬೇಕು" ಅಂದ್ರು.

"ಖಾಲಿ ಪೆಂಡಾಲ್ ಛಲೋ ಕಾಣೂದಿಲ್ರಿ. ನಾಳೆ ನನಗ ಅಂತೀರಿ" ಅಂದೆ.

"ಪರವಾಲೇದಮ್ಮಾ, ಏನೂ ಚಿಂತಿ ಬ್ಯಾಡ! ಹಾಕೂದು ನಿಮ್ಮ ಕೆಲಸ, ತುಂಬಸೂದು ನನ್ನ ಕೆಲಸ."

ಹಾಕಿದೆ. ಒಳಗ ಲಾರಿ ತಿರುಗಸಬಹುದಿತ್ತು, ಅಷ್ಟು ದೊಡ್ಡದು. ಪೂಜಾ ಮುಗಿಯೂ ಹೊತ್ತಿಗೆ ನೋಡಿದ್ರ ಮುಂದ ನಾಕು ಮುದುಕರು, ಹಿಂದ ಒಂದಿಷ್ಟು ಹೆಣ್ಣುಮಕ್ಕಳು, ಉಳದದ್ದೆಲ್ಲಾ ಬರೇ ಕುರ್ಚಿ. ರೈತರ ಮುಖ ಸಣ್ಣದಾತು. ಅವರ ಷಡ್ಡಕ ಬ್ಯಾರೆ ನಡುವ ಕುಂತು, ಸುತ್ತ ನೋಡಿ, "ಗಾಳಿ ಛಲೋ ಆಡತೈತಿ" ಅನ್ನಾಕತ್ತಿದ್ದ. ನನ್ನ ಆಳುಗಳಿಗೆ ಹೇಳಿ ಕುರ್ಚಿ ದೂರ ದೂರ ಸರಿಸಿದೆ, ಆದ್ರೂ ಎಷ್ಟಂತ ಸರಸ್ತೀರಿ?

ಅಷ್ಟರಾಗ ಮುಗಲು ಕಪ್ಪಾತು, ಗುಡುಗಿತು. ಊರಿಗೆ ಊರ ಭತ್ತ ಕೊಯ್ದು ರೋಡಿನ ಮ್ಯಾಲ ಒಣ ಹಾಕಿತ್ತು. ಒಬ್ಬಂವ ನಮ್ಮ ಪೆಂಡಾಲ್ ನೋಡಿದ. ಒಬ್ಬಂವ ನೋಡಿದ್ದು ಸಾಕು! ಬುಟ್ಟಿ, ಚೀಲ, ತಾಡಪತ್ರಿ, ಟ್ರ್ಯಾಕ್ಟರ್ ಸುದ್ದಾ ಒಳಗ ಬಂತು. ಮುದುಕರು ಕಾಲು ಎತ್ತಿಕೊಂಡ್ರು, ಅವರ ಕೆಳಗೂ ಭತ್ತ ಸುರವಿದ್ರು. ಷಡ್ಡಕ ಎದ್ದು ಓಡಿ ಹೊಸ ಮನಿ ಪಡಸಾಲಿ ಸೇರಿಕೊಂಡ. ಹೆಣ್ಣುಮಕ್ಕಳೂ ಅಲ್ಲೇ ಹೋದ್ರು. ಮಳಿ ದಬದಬ ಹೊಡೀತು. ಪೆಂಡಾಲಿನ ಮ್ಯಾಲ ತಾಡಪತ್ರಿ ಇದ್ದದ್ದಕ್ಕ ಒಂದು ಕಾಳೂ ತೋಯಲಿಲ್ಲ.

ರೈತರು ಪಡಸಾಲ್ಯಾಗ ನಿಂತು ಷಡ್ಡಕನ ಹೆಗಲ ಮ್ಯಾಲ ಕೈ ಹಾಕಿ, ನನಗ ಕೇಳೂವಂಗ ಹೇಳಿದ್ರು: "ಅಮ್ಮಾ, ತುಂಬೂದಿಲ್ಲ ಅಂದಿದ್ರಿ. ನೋಡ್ರಿ, ಕಾಲಿಡಾಕ ಜಾಗಾ ಇಲ್ಲ!"

ಮುಂದಿನ ವಾರ ಅದ ಊರಿಂದ ಇನ್ನೊಬ್ಬರ ಫೋನ್ ಬಂತು. "ಅದ ದೊಡ್ಡ ಪೆಂಡಾಲ್ ಬೇಕಮ್ಮಾ." ಏನ್ ಕಾರ್ಯ ಐತ್ರಿ ಅಂತ ಕೇಳಿದೆ. "ಕಾರ್ಯ ಏನಿಲ್ಲಮ್ಮಾ, ನಾಳೆ ನಮ್ಮ ಭತ್ತ ಕೊಯ್ತೀವಿ" ಅಂದ್ರು.

ತನ್ನ ಮುಖಕ್ಕ ತಾನ ಭಾಷಣ

ಕೊಪ್ಪಳದಾಗ ಒಂದು ಸಂಘದವರು ಕಟ್ಟಡ ಕಟ್ಟಿಸಿದ್ರು, ಅದರ ಉದ್ಘಾಟನೆ. ಕಾರ್ಯಕ್ರಮ ಬೆಳಗ್ಗೆ ಹತ್ತಕ್ಕ ಅಂದ್ರು. ಅತಿಥಿಗಳು ಹತ್ತಕ್ಕ ಬರ್ತಾರೇನ್ರಿ ಅಂತ ಮತ್ತ ಮತ್ತ ಕೇಳಿದೆ, ಯಾಕಂದ್ರ ಬೆಳಗಿನ ನೆಳ್ಳು ಬ್ಯಾರೆ, ಸಂಜಿ ನೆಳ್ಳು ಬ್ಯಾರೆ. "ಹತ್ತಕ್ಕ ಅಂದ್ರ ಹತ್ತಕ್ಕ!" ಅಂದ ಕಾರ್ಯದರ್ಶಿ.

ನಾನು ಬೆಳಗಿನ ಬಿಸಲು ನೋಡಿ ಪೆಂಡಾಲ್ ಹಾಕಿದೆ. ಮೂಡಲ ಕಡೆ ಸ್ಟೇಜು, ಅದರ ಬೆನ್ನಿಗೆ ಮುಖ್ಯ ಅತಿಥಿಗಳ ನಗೂ ದೊಡ್ಡ ಫೋಟೋ ಇದ್ದ ಬ್ಯಾನರ್. ಹತ್ತು ಹೋತು, ಮಧ್ಯಾಹ್ನ ಹೋತು, ಅತಿಥಿ ಇಲ್ಲ. ಸೂರ್ಯ ಮಾತ್ರ ತನ್ನ ಟೈಮಿಗೆ ತಾನು ನಡದ. ಬಿಸಲು ಪಡುವಲದಿಂದ ಒಳಗ ಬಂತು, ನೆಳ್ಳು ಮೂಡಲಕ್ಕ ಸರೀತು. ಮಂದಿ ಮುಖ ಕಿವಚಾಕತ್ರು. ತಕರಾರು ಬರೂದಕ್ಕಿಂತ ಮೊದಲ ನಾನ ಎದ್ದು, "ಎಲ್ಲಾರೂ ಕುರ್ಚಿ ಎತ್ತಿಕೊಳ್ರಿ, ನೆಳ್ಳಿನ ಹಿಂದ ಬರ್ರಿ" ಅಂದೆ. ನೆಳ್ಳು ಸರದಂಗ ಸಭಾನೂ ಸರೀತು. ಸ್ಟೇಜು ದಾಟಿ, ಬ್ಯಾನರ್ ದಾಟಿ, ಅದರ ಹಿಂದ ಹೋಗಿ ಆರಾಮ ಕುಂತ್ರು.

ಆವಾಗ ಬಂದ್ರು ಅತಿಥಿಗಳು. ಸ್ಟೇಜ್ ಹತ್ತಿ ಕೈ ಮುಗದು ನೋಡ್ತಾರ, ಮುಂದ ಬರೇ ಬಿಸಲು! "ಜನ ಎಲ್ಲಿ?" ಅಂದ್ರು.

ಕಾರ್ಯದರ್ಶಿ ಬೆವತ. "ನಿಮ್ಮ ಹಿಂದ ಅದಾರ್ರಿ ಸಾಹೇಬ್ರ" ಅಂದ.

ನಾ ಮೈಕು ತಿರುವಿಸಿದೆ, ಸೋಫಾ ತಿರುವಿಸಿದೆ. ಬ್ಯಾನರ್ ಬಿಚ್ಚಾಕ ಹೋದ್ರ ಮುಂದ ಕುಂತವರು ಒದರಿದ್ರು: "ಅಕ್ಕಾರ, ಅದನ್ನ ಮುಟ್ಟಬ್ಯಾಡ್ರಿ! ಅದರದ ನೆಳ್ಳು ನಮಗ!" ನನಗ ನೆಳ್ಳು ಮುಖ್ಯ. ಬಿಟ್ಟೆ.

ಅತಿಥಿಗಳು ತಮ್ಮ ಫೋಟೋದ ಮುಂದ ನಿಂತು, ಅದರ ಕಣ್ಣಾಗ ಕಣ್ಣಿಟ್ಟು ಭಾಷಣ ಸುರು ಮಾಡಿದ್ರು. ಬ್ಯಾನರ್ ಹಿಂದ ಅರ್ಧ ಮಂದಿಗೆ ನಿದ್ದಿ ಹತ್ತಿತ್ತು. ಒಂದು ಕೆಮ್ಮಿಲ್ಲ, ಒಂದು ಗದ್ದಲಿಲ್ಲ. ಕಡೀಕೆ ಅವರು ಫೋಟೋಕ್ಕ ಕೈ ಮುಗದು ಹೇಳಿದ್ರು: "ಇಷ್ಟು ವರ್ಷ ಭಾಷಣ ಮಾಡೀನಿ, ಇಷ್ಟು ನಗುಮುಖದಿಂದ ನನ್ನ ಮಾತು ಕೇಳಿದವರನ್ನ ಇವತ್ತ ನೋಡಿದೆ."

ಬಂಡಿಗಲ್ಲಿನ ಮ್ಯಾಲ ಶಾಂತಿ

ಸಾಣಾಪುರದ ಕೆರಿ ಹತ್ತಿರ ಒಬ್ಬ ಗುರುಗಳು ಪ್ಯಾಟಿ ಮಂದಿಗೆ ಯೋಗ ಕಲಸ್ತಿದ್ರು. ಮಂದಿ ಲೆಕ್ಕ ಪಕ್ಕಾ, ಜಾಗಾದ ಅಳತಿ ಪಕ್ಕಾ. ಆದ್ರ ಜಾಗಾ ಅಂದ್ರ ಬರೇ ಬಂಡಿಗಲ್ಲು! "ಗೂಟ ಎಲ್ಲಿ ಹೊಡೀಲ್ರಿ?" ಅಂದೆ. "ಮನಸ್ಸಿದ್ದಲ್ಲಿ ಮಾರ್ಗ ತಾನ ಬರ್ತದಮ್ಮಾ" ಅಂದ್ರು ಗುರುಗಳು. ಮನಸ್ಸಿಗೆ ಹಗ್ಗ ಕಟ್ಟಾಕ ಬರೂದಿಲ್ಲ. ನಾ ದೊಡ್ಡ ದೊಡ್ಡ ಡ್ರಮ್ ತರಿಸಿ, ನೀರು ತುಂಬಿಸಿ, ಅವಕ್ಕ ಹಗ್ಗ ಬಿಗದೆ. ಪೆಂಡಾಲ್ ಗಟ್ಟಿ ನಿಂತಿತು.

ನಾ ಒಂದು ಮರತಿದ್ದೆ. ತುಂಬಿದ ಡ್ರಮ್ ಕಂಡ್ರ ಅಡಗಿಯವ ಸುಮ್ಮನಿರ್ತಾನೇನು? ಚಾಕ್ಕ ಅದರಾಗಿಂದ, ಉಪ್ಪಿಟ್ಟಿಗೆ ಅದರಾಗಿಂದ, ಭಾಂಡೆ ತೊಳ್ಯಾಕ ಅದರಾಗಿಂದ. ಆ ಕಡೆ ಗುರುಗಳು ಎಲ್ಲಾರನ್ನೂ ಅಂಗಾತ ಮಲಗಿಸಿ, "ಕಣ್ಣು ಮುಚ್ಚಿರಿ, ಏನ್ ಆದ್ರೂ ಅಲುಗಾಡಬ್ಯಾಡ್ರಿ" ಅಂತ ಹೇಳಿ ತಾವೂ ಮಲಗಿದ್ರು. ಈ ಕಡೆ ಡ್ರಮ್ ಖಾಲಿಯಾಗಿ ಸರಿಯಾಕತ್ತು. ಕಂಬ ಒಂದೊಂದ ವಾಲಿ, ಪೆಂಡಾಲಿನ ಬಟ್ಟಿ ಮೆತ್ತಗ, ಕೂಸಿಗೆ ಕೌದಿ ಹೊಚ್ಚಿದಂಗ, ಎಲ್ಲಾರ ಮ್ಯಾಲ ಇಳೀತು. ನಾನೂ ಆಳುಗಳೂ ಓಡಿ ಬಂದು ಕಂಬ ಹಿಡದ್ವಿ. ಒಬ್ಬರೂ ಏಳಲಿಲ್ಲ, ಒಬ್ಬರೂ ಒದರಲಿಲ್ಲ. ಜೀವ ಅದಾವೋ ಇಲ್ಲೋ ಅಂತ ಬಗ್ಗಿ ನೋಡಿದೆ.

ಬಟ್ಟಿ ಎತ್ತಿದ ಮ್ಯಾಲ ಗುರುಗಳು ಕಣ್ಣು ತಗದು, ನಿಧಾನ ಎದ್ದು, ನನ್ನ ಹತ್ತಿರ ಬಂದ್ರು. ಆತು, ಅಂಗಡಿ ಹೋತು ಅಂದುಕೊಂಡೆ. "ಅಮ್ಮಾ," ಅಂದ್ರು, "ಆ ಕೊನೀ ಭಾಗ ಎಲ್ಲಾರಿಗೂ ಭಾಳ ಶಾಂತಿ ಕೊಟ್ಟದ. ನಾಳೆನೂ ಅದ ಹೊತ್ತಿಗೆ ಇಳಸ್ರಿ."

ಹತ್ತಿರದವರು

ಹಿಂಗ ಒಂದೂ ತಕರಾರಿಲ್ಲದಂಗ ಯುಗಾದಿ ಸಮೀಪ ಬಂತು. ನನ್ನ ಮೈದುನಗ ನಿದ್ದಿ ಹತ್ತವಲ್ದು. ಅಷ್ಟರಾಗ ಅವನ ಮಗನ ನಿಶ್ಚಯ ಗೊತ್ತಾತು, ಯಲಬುರ್ಗಾದಾಗ, ಅವನ ಮನಿ ಮುಂದಿನ ಬಯಲಾಗ. ಪೆಂಡಾಲ್ ನಮ್ಮ ಅಂಗಡೀದ.

"ವೈನಿ, ಸಣ್ಣದ ಹಾಕ್ರಿ. ಎರಡೂ ಕಡೆ ಹಿರೇರಷ್ಟ" ಅಂದ ಮೈದುನ.

"ಕರ್ಯಾಕ ಯಾರ್ ಹೋಗ್ಯಾರ?" ಅಂದೆ.

"ನಮ್ಮವ್ವ."

ನಮ್ಮ ಅತ್ತಿ ಕರಿಯೂ ರೀತಿ ನನಗ ಗೊತ್ತೈತಿ. ಅವರು ಯಾವ ಮನ್ಯಾಗೂ ಒಬ್ಬರಿಗಷ್ಟ ಹೇಳಿದವರಲ್ಲ. ಬಾಗಲಾಗ ನಿಂತು "ಮನಿಮಂದಿಯೆಲ್ಲಾ ಬರ್ರಿ, ಒಲಿ ಹಚ್ಚಬ್ಯಾಡ್ರಿ" ಅಂತಾರ. ಹಂಗ ಹೇಳಿದ್ರ ಆ ಮನ್ಯಾಗ ಕೂಸಿನಿಂದ ಹಿಡದು ಬಂದ ಬೀಗರ ತನಕ ಎಲ್ಲಾರೂ ಬರೂದ ನಮ್ಮ ಕಡೆ ಮರ್ಯಾದಿ. ಹೋಗಿ ಕೇಳಿದೆ: "ಅತ್ತೀ, ಎಷ್ಟು ಮನಿಗೆ ಹೇಳೀರಿ?"

"ಅಯ್ಯ, ಯಾರಿಗೆ ಹೇಳಲಿ? ಹತ್ತಿರದವರಿಗೆ ಅಷ್ಟ" ಅಂದ್ರು.

ಮೈದುನಗ ಅಂದೆ, "ದೊಡ್ಡದು ಹಾಕೂನಪಾ, ಮಂದಿ ಭಾಳ ಆಗ್ತಾರ." ಅಂವ ನಕ್ಕ. "ನಮ್ಮವ್ವ ಸುಳ್ಳು ಹೇಳ್ತಾಳೇನು? ಹೇಳಿದಷ್ಟ ಹಾಕ್ರಿ. ತಕರಾರು ಬಂದ್ರ ಹೆಂಗೂ ಐತೆಲ್ಲ, ನಮ್ಮ ಮಾತು!" ಆವಾಗ ತಿಳೀತು ಅವನ ಹೊಟ್ಟ್ಯಾಗ ಏನೈತಿ ಅಂತ. ಅವನ ಮಾತಿನಂತೆ ಸಣ್ಣದ ಹಾಕಿದೆ. ಆದ್ರ ಟೆಂಪೋದಾಗ ಇನ್ನೊಂದು ಟೆಂಟು, ಕಂಬ, ಹಗ್ಗ ಎಲ್ಲಾ ಹೇರಿಕೊಂಡ ಹೋಗಿದ್ದೆ.

ಬೆಳಗ್ಗೆ ಹೆಣ್ಣಿನ ಕಡೆಯವರು ಬಂದು ಕುಂತ್ರು. ಅರ್ಧ ಪೆಂಡಾಲ್ ತುಂಬಿತು. ಆಮ್ಯಾಲ ಒಂದು ಟಂಟಂ ಆಟೋ ತುಂಬಿ ಬಂತು. "ಯಾರ್ರಿ ನೀವು?" ಅಂತ ಮೈದುನ ಕೇಳಿದ.

"ನಿಮ್ಮವ್ವಾರು ನಮ್ಮ ಹತ್ರ ಬದನಿಕಾಯಿ ಒಯ್ತಾರ್ರಿ. ಮನಿಮಂದಿಯೆಲ್ಲಾ ಬರ್ರಿ ಅಂದಿದ್ರು."

ಹಿಂದ ಇನ್ನೊಂದು ಟಂಟಂ. ಅದು ಬಳಿಗಾರ್ತಿ ಮನಿಮಂದಿ. ಅದರ ಹಿಂದ ಟ್ರ್ಯಾಕ್ಟರ್ ತುಂಬ ಯಾವದೋ ಊರವರು. ಅದರಾಗಿನ ಒಬ್ಬ ಹೆಣ್ಣುಮಗಳು ಇಳದು, "ನಾ ಕುಷ್ಟಗಿ ಬಸ್ಸಿನಾಗ ನಿಮ್ಮ ಅತ್ತಿ ಬಾಜೂಕ ಕುಂತಿದ್ದೆ ನೋಡ್ರಿ" ಅಂದ್ಲು. ಬಸ್ಸಿನಾಗ ಹತ್ತಿರ ಕುಂತಾಕಿ ಹತ್ತಿರದಾಕಿ ಆದ್ಲು! ಮ್ಯಾಲ ಆ ಬಸ್ಸಿನ ಕಂಡಕ್ಟರೂ ಹೆಂಡ್ತಿ ಮಕ್ಕಳನ್ನ ಕರಕೊಂಡು ಬಂದ.

ಮೈದುನ ನನ್ನ ಕಡೆ ನೋಡಿದ. ಅವನ ಮುಖದಾಗ ಮಂದಿ ಹೆಚ್ಚಾದ ಚಿಂತಿ ಅರ್ಧ, ಅಂಗಡಿ ಸಿಗೂ ಆಸೆ ಅರ್ಧ. ನಾ ಸೆರಗು ಸೊಂಟಕ್ಕ ಸಿಗಿಸಿ, "ಇಳಸ್ರೋ ಟೆಂಟು!" ಅಂತ ಆಳುಗಳಿಗೆ ಒದರಿದೆ. ಕಂಡಕ್ಟರ್ ಕಂಬ ಹಿಡದ, ಬದನಿಕಾಯಿಯವ ಗೂಟ ಹೊಡದ, ನಾ ಹಗ್ಗ ಜಗ್ಗಿದೆ. ಹುಡುಗಿಗೆ ಉಡಿ ತುಂಬೂದರಾಗ ಎರಡನೇ ಪೆಂಡಾಲ್ ಎದ್ದು ನಿಂತಿತು. ಬಂದವರೆಲ್ಲಾ ನೆಳ್ಳಿಗಾದ್ರು. ಬಯಲಿನ ನಡುವ ತುಳಸಿಕಟ್ಟಿ ಇತ್ತು, ಅದರ ಸಲುವಾಗಿ ಎರಡು ಪೆಂಡಾಲಿನ ನಡುವ ಒಂದು ಸಣ್ಣ ಸಂದಿ ಉಳೀತು. ಅಷ್ಟರಾಗಿಂದ ಮಾತ್ರ ಬಿಸಲು ಒಳಗ ಬೀಳ್ತಿತ್ತು. ಅಲ್ಲಿ ಯಾರೂ ಕುಂದ್ರೂದಿಲ್ಲ ಬಿಡು ಅಂದುಕೊಂಡೆ.

ನಮ್ಮ ಅತ್ತಿ ಬಂದವರನ್ನೆಲ್ಲಾ "ಬರ್ರಿ, ಬರ್ರಿ" ಅಂತ ಕರದು, ತಮ್ಮ ಕುರ್ಚಿ ಒಬ್ಬರಿಗೆ ಕೊಟ್ಟು, ಇನ್ನೊಂದು ಕುರ್ಚಿ ಮತ್ತೊಬ್ಬರಿಗೆ ಕೊಟ್ಟು, ಕಡೀಕೆ ಕಾಲು ನೋವು ತಡೀಲಾರದ ಉಳದದ್ದೊಂದ ಕುರ್ಚಿ ಮ್ಯಾಲ ಕುಂತಬಿಟ್ರು. ಆ ಕುರ್ಚಿ ಇದ್ದದ್ದು ಸರಿಯಾಗಿ ಆ ಸಂದಿ ಕೆಳಗ! ರಣರಣ ಬಿಸಲು ನೆತ್ತಿ ಮ್ಯಾಲ. ಅತ್ತಿ ತಲಿ ತುಂಬ ಸೆರಗು ಹೊದ್ದಕೊಂಡು, ಕೆಂಪಗಾಗಿ, ಬೆವರು ಒರಸ್ಕೋತ ಕುಂತಿದ್ರು.

ಮೈದುನಗ ಅದು ಕಂಡಿತು. ಬೀಗರನ್ನ ಬಿಟ್ಟು ಓಡಿ ಬಂದ. ಇಡೀ ವರ್ಷ ಯಾರನ್ನೂ ಬಿಸಲಾಗ ಕುಂದ್ರಸದಾಕಿ, ತೀರ್ಪು ಕೊಟ್ಟ ಅತ್ತೀನ್ನ ಕುಂದ್ರಸಿದ್ದೆ.

"ಯವ್ವಾ!" ಅಂತ ಎಲ್ಲಾರಿಗೂ ಕೇಳೂವಂಗ ಒದರಿದ ಮೈದುನ. "ನೀನ ಬಿಸಲಾಗ ಕುಂತೀ! ಪೆಂಡಾಲ್ ಸಾಲಲಿಲ್ಲ ಹೌದಲ್ಲ? ಹೇಳು, ಎಲ್ಲಾರ ಮುಂದ ಹೇಳು! ಹತ್ತಿರದವರಿಗೆ ಅಷ್ಟ ಹೇಳಿದ್ದಿ, ಅಷ್ಟಕ್ಕೂ ಜಾಗಾ ಸಾಲಲಿಲ್ಲ!"

ಅತ್ತಿ ಸುತ್ತ ಒಂದ್ಸಲ ನೋಡಿದ್ರು. ಬದನಿಕಾಯಿಯವ, ಬಳಿಗಾರ್ತಿ, ಕಂಡಕ್ಟರು, ಟ್ರ್ಯಾಕ್ಟರ್ ತುಂಬ ಬಂದ ಊರು, ಎಲ್ಲಾರೂ ಅವರನ್ನ ನೋಡಾಕತ್ತಿದ್ರು. ಸಾಲಲಿಲ್ಲ ಅಂದ್ರ ಇವರನ್ನೆಲ್ಲಾ ಯಾರು ಕರದದ್ದು ಅನ್ನೂ ಮಾತು ಬರ್ತೈತಿ.

"ಯಾರಿಗೆ ಬಿಸಲು? ನಾ ಬೇಕಂತ ಕುಂತೀನಿ" ಅಂದ್ರು ಅತ್ತಿ. "ತಲಿಗೆ ನೀರು ಎರಕೊಂಡೀನಿ. ತಲಿ ಒಣಗಿಸಾಕತ್ತೀನಿ."

"ತಲಿ ಮ್ಯಾಲ ಸೆರಗು ಹೊದ್ದಕೊಂಡೇನು?" ಅಂದ ಮೈದುನ.

"ಹಿರೇರ ಮುಂದ ತಲಿ ಬಿಚ್ಚಿಕೊಂಡು ಕುಂದ್ರಲೇನೋ ಮೂಳಾ? ಒಳಗಿಂದೊಳಗ ಒಣಗತೈತಿ!" ಅಂದು, ಅತ್ತಿ ಕುರ್ಚೀನ ಇನ್ನೊಂದೀಟು ಬಿಸಲಿಗೆ ಸರಿಸಿಕೊಂಡ್ರು. "ಅಂಗಡಿ ಆಕೀದ ಆತು. ನೀ ಹೋಗಿ ಮಂದಿಗೆ ನೀರು ಕೊಡು."